ಬೆತ್ತದ ಬಾಗಿಲಿನ ಬೀರು: ಅಳತೆಯನ್ನೂ ಕೊಡಿ

ಸಂಪಾದಕರೇ,

ಚಂಡೀಗಢಕ್ಕೆಂದು 1950ರ ದಶಕದಲ್ಲಿ ಸ್ವಿಸ್ ವಾಸ್ತುಶಿಲ್ಪಿ ಪಿಯರ್ ಜಾನ್ನೆರೆ ವಿನ್ಯಾಸ ಮಾಡಿದ ತೇಗ, ಬೆತ್ತದ ಪೀಠೋಪಕರಣಗಳು ಈಗ ವಿದೇಶದ ಹರಾಜಿನಲ್ಲಿ ಲಕ್ಷಗಟ್ಟಲೆಗೆ ಹೋಗುತ್ತವೆ. ಸರ್ಕಾರಿ ಕಚೇರಿಗೆ ಮಾಡಿದ ಸರಳ ಸಾಮಾನು ಅದು! ಅದೇ ಧಾಟಿಯ ಬೀರು ಒಂದು ಶೋರೂಮಿನಲ್ಲಿ ನೋಡಿದೆ. ಬೆಲೆ ಜಾಸ್ತಿ, ಒಳಗೆ ಬರೀ ಪಾರ್ಟಿಕಲ್ ಬೋರ್ಡ್, ಅಂದರೆ ಮರದ ಚೂರನ್ನು ಅಂಟು ಹಾಕಿ ಒತ್ತಿದ ಹಲಗೆ. ನಮ್ಮ ಸಕಲೇಶಪುರದ ಮಳೆಗಾಲಕ್ಕೆ ಅದು ಉಬ್ಬದೆ ಉಳಿದೀತೇ?

ಕೊನೆಗೆ ಊರಿನ ಬಡಗಿಯಿಂದಲೇ ಮಾಡಿಸಿದೆ. 8x4 ಅಡಿಯ 18 ಎಂ.ಎಂ. ಪ್ಲೈವುಡ್ಡನ್ನು ಉದ್ದಕ್ಕೆ ಸೀಳಿದರೆ 16 ಇಂಚಿಗೆ ತುಸು ಕಮ್ಮಿ ಅಗಲದ 3 ಪಟ್ಟಿ ಸಿಗುತ್ತವೆ. ಗರಗಸ ತಿನ್ನುವುದನ್ನೂ ಲೆಕ್ಕ ಹಿಡಿಯಬೇಕು ನೋಡಿ. ಬೀರುವಿನ ಆಳ ಅಷ್ಟಕ್ಕೇ ನಿಲ್ಲಿಸಿದರೆ ಹೆಚ್ಚು ವೇಸ್ಟ್ ಆಗುವುದಿಲ್ಲ. ಬಾಗಿಲಿನ ಚೌಕಟ್ಟಿಗೆ ಕಾಫಿ ತೋಟದ ಸಿಲ್ವರ್ ಓಕ್. ಚೆನ್ನಾಗಿ ಒಣಗಿರಬೇಕು, ಹುಳ ಹಿಡಿಯದಂತೆ ಔಷಧಿ ಹಾಕಿರಬೇಕು, ಅಷ್ಟೇ. ಬೆತ್ತದ ಜಾಲರಿಯನ್ನು ನೀರಲ್ಲಿ ನೆನೆಸಿ, ಹಸಿ ಇರುವಾಗಲೇ ಎಳೆದು, ಅಂಚಿಗೆ ಬೀಡಿಂಗ್ (ತೆಳು ಮರದ ಪಟ್ಟಿ) ಹೊಡೆದರು. ಒಣಗುತ್ತಾ ತಾನೇ ತಮಟೆಯ ಹಾಗೆ ಬಿಗಿಯಾಯಿತು.

ಪತ್ರಿಕೆಗಳ ಮನೆ ಅಲಂಕಾರದ ಪುಟದಲ್ಲಿ ಚೆಂದದ ಫೋಟೊ ಇರುತ್ತದೆ. ಸುಮ್ನೆ ನೋಡಿ ಪುಟ ತಿರುಗಿಸುತ್ತೇವೆ, ಅಲ್ವಾ? ಫೋಟೊ ಜೊತೆಗೆ ಅಳತೆಯ ನಕ್ಷೆಯನ್ನೂ ಹಾಕಿ. ಕತ್ತರಿಸಿ ಬಡಗಿಯ ಕೈಗೆ ಕೊಡುತ್ತೇವೆ.

– ನಿವೃತ್ತ ಶಿಕ್ಷಕಿ, ಸಕಲೇಶಪುರ