ಕಚ್ಚಿದ ಇಂಜೆಕ್ಟರನ್ನು ಮೀಟಬೇಡಿ

ಮಾನ್ಯ ಸಂಪಾದಕರೇ,

ಲಾರಿ ಎಂಜಿನ್ ನಿರ್ವಹಣೆ ಕುರಿತ ನಿಮ್ಮ ಪತ್ರಿಕೆಯ ಲೇಖನದಲ್ಲಿ, ಹೆಡ್‌ನಲ್ಲಿ (ಸಿಲಿಂಡರುಗಳ ಮೇಲಿನ ಮುಚ್ಚಳದಲ್ಲಿ) ಕಚ್ಚಿಕೊಂಡ ಇಂಜೆಕ್ಟರನ್ನು, ಅಂದರೆ ಸಿಲಿಂಡರಿಗೆ ಡೀಸೆಲ್ ಸಿಂಪಡಿಸುವ ಭಾಗವನ್ನು, ‘ಎಣ್ಣೆ ಬಿಟ್ಟು ಮೀಟಿ ತೆಗೆಯಿರಿ’ ಎಂದು ಒಂದೇ ಸಾಲಿನಲ್ಲಿ ಮುಗಿಸಲಾಗಿದೆ. ಮೀಟುವುದೇ ಇಲ್ಲಿ ಮಾಡಬಾರದ ಕೆಲಸ. ಮೀಟುಗೋಲು ಒಂದು ಪಕ್ಕಕ್ಕೆ ಒತ್ತುವುದರಿಂದ ಇಂಜೆಕ್ಟರ್ ರಂಧ್ರದೊಳಗೆ ಓರೆಯಾಗಿ ಇನ್ನಷ್ಟು ಬಿಗಿಯುತ್ತದೆ. ಅಲ್ಯೂಮಿನಿಯಂ ಹೆಡ್ ಆದರೆ ಅಂಚೂ ಹಾಳಾಗುತ್ತದೆ. ಕಾಮನ್ ರೈಲ್ ಎಂಜಿನ್‌ಗಳಲ್ಲಿ (ಎಲ್ಲ ಇಂಜೆಕ್ಟರುಗಳಿಗೂ ಒಂದೇ ಅಧಿಕ ಒತ್ತಡದ ಕೊಳವೆಯಿಂದ ಡೀಸೆಲ್ ಬರುವಂಥವು) ಮೇಲಿರುವ ಸೊಲೆನಾಯ್ಡ್‌ಗೆ (ಇಂಜೆಕ್ಟರನ್ನು ವಿದ್ಯುತ್ತಿನಿಂದ ತೆರೆಯುವ ಭಾಗಕ್ಕೆ) ಏಟು ಬಿದ್ದರೆ ಇಂಜೆಕ್ಟರ್ ಕೈಗೆ ಬಂದರೂ ಪ್ರಯೋಜನವಿಲ್ಲ.

ಇಂಜೆಕ್ಟರ್ ಕಚ್ಚುವುದು ಸಾಮಾನ್ಯವಾಗಿ ಎರಡು ಕಡೆ. ಮೇಲಿನಿಂದ ನೀರು, ಧೂಳು ಇಳಿದು ಮೈಯ ಸುತ್ತ ತುಕ್ಕು ಹಿಡಿಯುತ್ತದೆ. ಕೆಳಗೆ ತಾಮ್ರದ ವಾಷರ್ ಸರಿಯಾಗಿ ಕೂರದಿದ್ದರೆ ಉರಿದ ಗ್ಯಾಸ್ ನುಸುಳಿ, ಮಸಿ ಕಲ್ಲಿನಂತೆ ಗಟ್ಟಿಯಾಗುತ್ತದೆ. ಇಂಜೆಕ್ಟರ್ ಬುಡದಲ್ಲಿ ಡಾಂಬರಿನಂಥ ಕಪ್ಪು, ಎಂಜಿನ್ ಓಡುವಾಗ ‘ಚಫ್ ಚಫ್’ ಸದ್ದು ಕಂಡರೆ ತೊಂದರೆ ಕೆಳಗಿನದು. ತುಕ್ಕು ಬಿಡಿಸುವ ಎಣ್ಣೆ ಮೇಲಿನ ತುಕ್ಕಿಗೆ ಬೇಗ ತಲುಪುತ್ತದೆ, ಕೆಳಗಿನ ಮಸಿಗೆ ಇಳಿಯಲು ಹೊತ್ತು ಬೇಕು. ಎಂಜಿನ್ ಉಗುರುಬೆಚ್ಚಗಿರುವಾಗ ಸ್ವಲ್ಪ ಸ್ವಲ್ಪವಾಗಿ ಮೂರು ನಾಲ್ಕು ಸಲ ಬಿಟ್ಟು, ಒಂದು ರಾತ್ರಿ ಹಾಗೇ ಇಡಬೇಕು. ಅವಸರ ಇರುವವರು ಗ್ಯಾಸ್ ಬೆಂಕಿ ಹಿಡಿಯುತ್ತಾರೆ. ಡೀಸೆಲ್ ತೊಟ್ಟಿಕ್ಕುವ ಜಾಗದಲ್ಲಿ ಅದು ಹುಚ್ಚುತನ.

ಬಿಚ್ಚುವ ಮೊದಲು ಇಂಜೆಕ್ಟರ್ ಸುತ್ತಲಿನ ಧೂಳು, ಮರಳನ್ನು ಗಾಳಿ ಊದಿ ತೆಗೆಯಿರಿ. ಇಲ್ಲದಿದ್ದರೆ ಅದೆಲ್ಲ ಸಿಲಿಂಡರಿಗೆ ಬೀಳುತ್ತದೆ. ಕಾಮನ್ ರೈಲಿನ ಒತ್ತಡ 1600 ಬಾರ್ ದಾಟಬಹುದು. ಎಂಜಿನ್ ನಿಲ್ಲಿಸಿದ ಮೇಲೆ ಕೈಪಿಡಿ ಹೇಳಿದಷ್ಟು ಹೊತ್ತು ಕಾದು, ಕನ್ನಡಕ ಹಾಕಿಕೊಂಡು ಪೈಪ್ ಸಡಿಲಿಸಿ. ಆ ಒತ್ತಡದ ಡೀಸೆಲ್ ಚರ್ಮದೊಳಗೆ ಹೊಕ್ಕರೆ ಮೇಲೆ ಸೂಜಿ ಚುಚ್ಚಿದಷ್ಟೇ ಗುರುತು ಕಾಣುತ್ತದೆ. ನೋವಿಲ್ಲವೆಂದು ಸುಮ್ಮನಿರದೆ ತಕ್ಷಣ ಆಸ್ಪತ್ರೆಗೆ ಹೋಗಬೇಕು. ಬಿಚ್ಚಿದ ಪೈಪುಗಳ ಬಾಯಿಗೆ ಕೂಡಲೇ ಮುಚ್ಚಳ ಹಾಕಿ.

ಲೇಖನದಲ್ಲಿ ಬಾರದೇ ಹೋದ ಇನ್ನೊಂದು ಸಂಗತಿ: ಕೆಲವು ಎಂಜಿನ್‌ಗಳಲ್ಲಿ ಡೀಸೆಲ್ ಹೆಡ್‌ನ ಪಕ್ಕದಿಂದ ತೂರಿದ ಕನೆಕ್ಟರ್ ನಳಿಕೆಯ ಮೂಲಕ ಇಂಜೆಕ್ಟರಿನ ಹೊಟ್ಟೆಗೆ ಬರುತ್ತದೆ. ಆ ನಳಿಕೆ ಒಳಗಿರುವವರೆಗೆ ಇಂಜೆಕ್ಟರ್ ಕದಲದು. ಅದನ್ನು ಮೊದಲು ಎಳೆಯದೆ ಬಲ ಹಾಕಿದರೆ ಎರಡೂ ಹಾಳು. ‘ಕಚ್ಚಿದೆ’ ಎಂದು ಒದ್ದಾಡುವವರು ಮೊದಲು ಇದನ್ನೇ ನೋಡಬೇಕು.

ಇನ್ನು ಬಿಡಿಸುವುದು. ಇಂಜೆಕ್ಟರನ್ನು ಅದುಮಿ ಹಿಡಿದಿರುವ ಕ್ಲಾಂಪ್ ತೆಗೆದ ಮೇಲೆ, ಮೈಯಲ್ಲಿ ಸ್ಪ್ಯಾನರ್ ಕೂರುವ ಚಪ್ಪಟೆ ಇದ್ದು ಜಾಗವೂ ಇದ್ದರೆ, ಎಡಕ್ಕೂ ಬಲಕ್ಕೂ ಕೂದಲೆಳೆಯಷ್ಟು ತಿರುಗಿಸುತ್ತಾ ಹೋಗಿ. ತಿರುಗಲು ಶುರುವಾದರೆ ಅರ್ಧ ಗೆದ್ದಂತೆ. ಆದರೆ ಸ್ಪ್ಯಾನರ್ ಬೀಳಬೇಕಾದ್ದು ಮೈಯ ಮೇಲೆ, ನಾಜಲ್ (ಡೀಸೆಲ್ ಚಿಮ್ಮುವ ತುದಿ) ಹಿಡಿದಿರುವ ನಟ್ ಮೇಲೆ ಅಲ್ಲ. ಆ ನಟ್ ಬಿಚ್ಚಿಕೊಂಡರೆ ಮೇಲಿನ ಭಾಗ ಕೈಗೆ ಬಂದು ನಾಜಲ್ ಹೆಡ್‌ನಲ್ಲೇ ಉಳಿಯುತ್ತದೆ, ಆಗ ಹೆಡ್ಡನ್ನೇ ಇಳಿಸಬೇಕಾಗಬಹುದು. ತಿರುಗಿದ ಮೇಲೆ ನೇರವಾಗಿ ಎಳೆಯುವ ಸ್ಲೈಡ್ ಹ್ಯಾಮರ್ (ಸರಳಿನ ಮೇಲೆ ಭಾರ ಜಾರಿಸಿ ಏಟು ಕೊಡುವ ಸಾಧನ) ಬೇಕು. ಆ ಇಂಜೆಕ್ಟರಿನ ತಿರುಪಿನ ಮರೆಗೆ (ಥ್ರೆಡ್‌ಗೆ) ಒಪ್ಪುವ ಅಡಾಪ್ಟರನ್ನು ಪೂರ್ತಿ ತಿರುಗಿಸಿ, ಸಣ್ಣ ಸಣ್ಣ ಏಟು ಕೊಡಿ. ಹತ್ತು ಏಟಿಗೆ ಕದಲದಿದ್ದರೆ ನಿಲ್ಲಿಸಿ, ಮತ್ತೆ ಎಣ್ಣೆ ಬಿಡಿ. ಅದಕ್ಕೂ ಬಗ್ಗದಿದ್ದರೆ ಹೈಡ್ರಾಲಿಕ್ ಪುಲ್ಲರ್. ಕ್ಲಾಂಪ್ ಸಡಿಲಿಸಿ ಎಂಜಿನ್ ಓಡಿಸಿ ಗ್ಯಾಸಿನ ಒತ್ತಡದಿಂದಲೇ ಮಸಿ ಒಡೆಯುವ ಹಳೆಯ ಉಪಾಯವೊಂದಿದೆ. ಕಾಮನ್ ರೈಲ್ ಎಂಜಿನ್‌ಗೆ ಅದು ಸಲ್ಲದು.

ಇಂಜೆಕ್ಟರ್ ಸ್ಲೀವ್ (ಕೂಲೆಂಟ್ ಒಳಬರದಂತೆ ತಡೆಯುವ ಕೊಳವೆ) ಒಳಗೆ ಕೂರುವ ಹೆಡ್ ಆಗಿದ್ದರೆ, ಎಳೆಯುವ ಮೊದಲೇ ಕೂಲೆಂಟ್, ಅಂದರೆ ಎಂಜಿನ್ ತಂಪಿಡುವ ನೀರು, ಇಳಿಸಿ. ಇಂಜೆಕ್ಟರಿನ ಜೊತೆ ಸ್ಲೀವ್ ಕೂಡ ಎದ್ದರೆ ನೀರು ಸಿಲಿಂಡರಿಗೆ ಇಳಿಯುತ್ತದೆ. ಗಮನಿಸದೆ ಸ್ಟಾರ್ಟ್ ಮಾಡಿದರೆ ನೀರು ಅದುಮಿಕೊಳ್ಳುವುದಿಲ್ಲವಾದ್ದರಿಂದ ಪಿಸ್ಟನ್ನಿಗೆ ಜೋಡಿಸಿರುವ ಕನೆಕ್ಟಿಂಗ್ ರಾಡ್ ಬಾಗಬಹುದು.

ಹೊರಬಂದ ಇಂಜೆಕ್ಟರಿನ ತುದಿಯಲ್ಲಿ ವಾಷರ್ ಇದೆಯೇ ಎಂದು ನೋಡುವುದನ್ನು ಮರೆಯುವವರೇ ಹೆಚ್ಚು. ಇಲ್ಲದಿದ್ದರೆ ಅದು ರಂಧ್ರದ ತಳದಲ್ಲಿದೆ. ಅದರ ಮೇಲೆ ಹೊಸದನ್ನು ಕೂರಿಸಿದರೆ ನಾಜಲ್ ಮೇಲೇಳುತ್ತದೆ, ಸಿಂಪಡಿಕೆ ಪಿಸ್ಟನ್ನಿನ ಬಟ್ಟಲಿಗೆ ಸರಿಯಾಗಿ ಬೀಳದೆ ಹೊಗೆ ಏಳುತ್ತದೆ. ವಾಷರ್ ಕೂರುವ ಆಸನದ ಮಸಿ ಕೆರೆಯುವಾಗ ಕಟ್ಟರಿಗೆ ದಪ್ಪಗೆ ಗ್ರೀಸ್ ಹಚ್ಚಿದರೆ ಪುಡಿ ಅದಕ್ಕೇ ಅಂಟುತ್ತದೆ. ಆಮೇಲೆ, ಉಳಿದ ಪುಡಿ ಹೊರಬರಲು, ನಾಜಲ್ ಹೊಗುವ ತೂತನ್ನು ತೆರೆದಿಟ್ಟೇ ಎಂಜಿನ್ನನ್ನು ಕೈಯಿಂದ ಎರಡು ಸುತ್ತು ತಿರುಗಿಸಿ.

ಕೂರಿಸುವಾಗ ವಾಷರ್ ಹೊಸದೇ ಆಗಿರಬೇಕು, ದಪ್ಪ ಹಳೆಯದರಷ್ಟೇ ಇರಬೇಕು. ಕಚ್ಚದಂತೆ ತಡೆಯುವ ಪೇಸ್ಟ್ ಮೈಗೆ ಮಾತ್ರ ತೆಳ್ಳಗೆ, ವಾಷರ್ ಕೂರುವ ಮುಖಕ್ಕೆ ಬೇಡ. ಕ್ಲಾಂಪ್ ಬೋಲ್ಟಿಗೆ ಟಾರ್ಕ್ ರೆಂಚ್ ಹಾಕಿ, ಅಂದಾಜು ಬೇಡ: ಸಡಿಲವಾದರೆ ಮತ್ತೆ ಗ್ಯಾಸ್ ಸೋರಿ ಮಸಿ ಕಟ್ಟುತ್ತದೆ, ಬಿಗಿ ಹೆಚ್ಚಾದರೆ ಇಂಜೆಕ್ಟರಿನ ಮೈ ಸೊಟ್ಟಗಾಗಿ ನಾಜಲ್ ಒಳಗಿನ ಸೂಜಿ ಸಿಕ್ಕಿಕೊಳ್ಳುತ್ತದೆ. ಇಂಜೆಕ್ಟರ್ ಮೇಲೆ ಕೋಡ್ ಇದ್ದರೆ ಅದನ್ನು ಎಂಜಿನ್ ನಿಯಂತ್ರಿಸುವ ಕಂಪ್ಯೂಟರಿಗೆ (ಇಸಿಎಂ) ಸೇರಿಸುವುದೂ ಕೆಲಸದ ಭಾಗವೇ. ಲೇಖನದ ಆ ಒಂದು ಸಾಲನ್ನು ದಯವಿಟ್ಟು ತಿದ್ದಿ ಪ್ರಕಟಿಸಿ.

— ಡೀಸೆಲ್ ಎಂಜಿನ್ ಮೆಕ್ಯಾನಿಕ್ ಒಬ್ಬ