ಚೌರಿ ಕಟ್ಟಿದ ಕೈಗೆ ಜಡೆ ಬಾರದೇ?

ನೀರ್ಚಾಲು, ಕಾಸರಗೋಡು
ಆಟಿ ತಿಂಗಳ ಒಂದು ಭಾನುವಾರ

ಪ್ರೀತಿಯ ಗೆಳೆಯಾ,

ನಿನ್ನ ಮೆಸೇಜು ನಿನ್ನೆ ರಾತ್ರಿ ನೋಡಿದೆ. ಹೆಂಡತಿಗೆ ಕಲಬುರಗಿಗೆ ವರ್ಗವಾಗಿದೆ, ಮಗಳು ನಿನ್ನ ಜೊತೆಯೇ ಇರುತ್ತಾಳೆ, ಬೆಳಗ್ಗೆ ತಿಂಡಿ, ಬುತ್ತಿ, ಬ್ಯಾಗು ಎಲ್ಲ ಹೇಗೋ ನಡೆಯುತ್ತದೆ, ಜಡೆ ಮಾತ್ರ ನನ್ನ ಕೈಯಲ್ಲಿ ಆಗುವುದಿಲ್ಲ, ಶನಿವಾರ ಬಾಬ್ ಕಟ್ ಮಾಡಿಸಿಬಿಡುತ್ತೇನೆ ಎಂದು ಬರೆದಿದ್ದೀಯ. ಫೋನಿನಲ್ಲೇ ಉತ್ತರ ಬರೆಯಲು ಕೂತೆ. ಉದ್ದವಾಗುತ್ತಾ ಹೋಯಿತು. ಅದಕ್ಕೆ ಪತ್ರವನ್ನೇ ಬರೆಯುತ್ತಿದ್ದೇನೆ. ನಮ್ಮಂಥ ಬೇರೆ ಅಪ್ಪಂದಿರೂ ಓದಲಿ ಎಂದು ಎಲ್ಲರಿಗೂ ಕಾಣುವ ಹಾಗೆ ಹಾಕುತ್ತೇನೆ. ನಿನ್ನ ಹೆಸರು ಹಾಕುವುದಿಲ್ಲ, ಹೆದರಬೇಡ.

ಶನಿವಾರ ಕತ್ತರಿ ಹಾಕಿಸಬೇಡ. ಇನ್ನು ಉಳಿದದ್ದನ್ನು ನಿಧಾನವಾಗಿ ಓದು.

ನಿನ್ನ ಕೈಗೆ ಜಡೆ ಬರುವುದಿಲ್ಲ ಅಂದರೆ ನಾನು ನಂಬಬೇಕಲ್ಲ ಮಾರಾಯ. ಒಂಬತ್ತನೇ ಕ್ಲಾಸಿನ ವಾರ್ಷಿಕೋತ್ಸವ ನೆನಪುಂಟಾ? ಕುಂಬಳೆ ಸೀಮೆಯಲ್ಲಿ ಯಕ್ಷಗಾನದ ಆಟ ಇಲ್ಲದ ವಾರ್ಷಿಕೋತ್ಸವ ಎಲ್ಲಿ ಉಂಟು. ನನಗೆ ಮಾಯಾ ಶೂರ್ಪನಖಿ. ನಿನಗೆ ವೇಷ ಸಿಗದೆ ಮುಖ ಊದಿಸಿಕೊಂಡು ವೇಷ ಕಟ್ಟುವ ಚೌಕಿಯಲ್ಲಿ ಸಹಾಯಕ್ಕೆ ನಿಂತಿದ್ದೆ. ನನ್ನ ಮಂಡೆಗೆ ಚೌರಿ ಕಟ್ಟಿದವ ನೀನೇ. ಮೂರು ಎಳೆ ಮಾಡಿ ಹೆಣೆದು, ತುದಿಗೆ ಕಪ್ಪು ನೂಲು ಸುತ್ತಿದ್ದೆ. ಆಟ ಮುಗಿಯುವವರೆಗೆ ಅದು ಕದಲಲಿಲ್ಲ. ಕದಲುವುದು ಹೇಗೆ, ನೀನು ಎಳೆದ ಬಿಗಿಗೆ ನನ್ನ ಹುಬ್ಬೇ ಮೇಲೆ ಹೋಗಿತ್ತು. ಶೂರ್ಪನಖಿ ಇಡೀ ರಾತ್ರಿ ಆಶ್ಚರ್ಯಪಡುತ್ತಲೇ ಇದ್ದಳು ಎಂದು ಮಾಷ್ಟ್ರು ನಗಾಡಿದ್ದರು. ಆ ಬಿಗಿಯ ವಿಷಯಕ್ಕೆ ಆಮೇಲೆ ಬರುತ್ತೇನೆ.

ನಮ್ಮವಳಿಗೆ ಮಂಗಳೂರಿನಲ್ಲಿ ಕೆಲಸ ಸಿಕ್ಕಿ ನಾಲ್ಕು ವರ್ಷವಾಯಿತು. ಕುಂಬಳೆಯಲ್ಲಿ ಬೆಳಗಿನ ರೈಲು ಹಿಡಿಯಬೇಕಾದರೆ ಮಕ್ಕಳು ಏಳುವ ಮೊದಲೇ ಮನೆ ಬಿಡಬೇಕು. ಹಾಗಾಗಿ ಹಣಿಗೆ ನನ್ನ ಕೈಗೆ ಬಂತು. ಮೊದಲ ದಿನ ಹಾಕಿದ ಜಡೆಯನ್ನು ದೊಡ್ಡವಳು ಹಿಂದೆ ಕೈ ಹಾಕಿ ಮುಟ್ಟಿ ನೋಡಿ, "ಅಪ್ಪ, ಇದು ಜಡೆ ಅಲ್ಲ, ದನ ಕಟ್ಟುವ ಹಗ್ಗ" ಅಂದಳು. ಶಾಲೆಯ ಗೇಟು ತಲುಪುವ ಮೊದಲೇ ಬಿಚ್ಚಿಕೊಂಡಿತಂತೆ. ಆ ರಾತ್ರಿ ಮಕ್ಕಳು ಮಲಗಿದ ಮೇಲೆ ಹೂ ಕಟ್ಟುವ ಬಾಳೆನಾರಿನ ಕಟ್ಟೊಂದನ್ನು ಕಿಟಕಿಯ ಸರಳಿಗೆ ಕಟ್ಟಿ ಅಭ್ಯಾಸ ಶುರು ಮಾಡಿದೆ. ಬಲದ ಎಳೆ ನಡುವಿಗೆ, ಎಡದ ಎಳೆ ನಡುವಿಗೆ. ಅಷ್ಟೇ ಇರುವುದು. ಕಷ್ಟ ಇರುವುದು ಬೆರಳಿನಲ್ಲಲ್ಲ, ಮೂರೂ ಎಳೆ ಒಂದೇ ದಪ್ಪ ಇರಬೇಕಲ್ಲ, ಅದರಲ್ಲಿ. ಒಂದು ಎಳೆ ತೆಳುವಾದರೆ ಜಡೆ ಆ ಕಡೆಗೆ ತಿರುಗಿಕೊಳ್ಳುತ್ತದೆ. ಅಮ್ಮ ನೀರು ಕುಡಿಯಲು ಎದ್ದು ಬಂದವರು ನನ್ನನ್ನು ನೋಡಿ, ಏನೂ ಹೇಳದೆ ಹೋಗಿ ಮಲಗಿದರು. ಬೆಳಗ್ಗೆ ಕೇಳಿದರು, "ನಾರು ದೇವರ ಹೂವಿಗೆ ಇಟ್ಟದ್ದು, ಎಲ್ಲಿ ಹೋಯಿತು?"

ನಿನಗೂ ಅದನ್ನೇ ಹೇಳುತ್ತೇನೆ. ಅಲ್ಲಿ ಬಾಳೆನಾರು ಸಿಗದಿದ್ದರೆ ಹಳೆ ದುಪಟ್ಟವನ್ನು ಮೂರು ಸೀಳು ಮಾಡಿ ಕಟ್ಟು. ಮಗುವಿನ ತಲೆಯಲ್ಲಿ ಕಲಿಯಲು ಹೋಗಬೇಡ, ಅದೂ ಬಸ್ಸು ಬರುವ ಹೊತ್ತಿಗೆ.

ಆದರೆ ಜಡೆಗಿಂತ ದೊಡ್ಡ ಕೆಲಸ ಸಿಕ್ಕು ಬಿಡಿಸುವುದು. ನಾವು ಗಂಡಸರು ನಮ್ಮ ತಲೆ ಬಾಚಿದ ಹಾಗೆ ಹಣೆಯಿಂದ ಹಿಂದಕ್ಕೆ ಒಂದೇ ಎಳೆತ ಎಳೆಯುತ್ತೇವೆ. ಉದ್ದ ಕೂದಲಲ್ಲಿ ಹಾಗೆ ಮಾಡಿದರೆ ಮೇಲಿನ ಸಿಕ್ಕೆಲ್ಲ ಕೆಳಗೆ ಬಂದು ಒಂದು ಗಂಟಾಗುತ್ತದೆ, ಮಗು ಕಿರುಚುತ್ತದೆ. ತುದಿಯಿಂದ ಶುರು ಮಾಡು. ಕೊನೆಯ ನಾಲ್ಕು ಬೆರಳಿನಷ್ಟು ಮೊದಲು ಬಾಚು, ಅದು ಬಿಟ್ಟ ಮೇಲೆ ಇನ್ನು ನಾಲ್ಕು ಬೆರಳು ಮೇಲೆ ಹೋಗು. ಸಿಕ್ಕಿನ ಮೇಲ್ಗಡೆ ಕೂದಲನ್ನು ಎಡಗೈಯ ಮುಷ್ಟಿಯಲ್ಲಿ ಗಟ್ಟಿ ಹಿಡಿದುಕೋ. ಆಗ ಎಳೆತ ನಿನ್ನ ಕೈಗೆ ಬೀಳುತ್ತದೆ, ಅವಳ ಬುರುಡೆಗಲ್ಲ. ಇದೊಂದನ್ನು ಯಾರಾದರೂ ನನಗೆ ಮೊದಲೇ ಹೇಳಿದ್ದರೆ ಮೂರು ತಿಂಗಳ ಅಳು ಉಳಿಯುತ್ತಿತ್ತು. ಹಣಿಗೆಯಲ್ಲಿ ನಾಲ್ಕು ಕೂದಲು ಬಂದರೆ ಗಾಬರಿಯಾಗಬೇಡ. ದಿನಕ್ಕೆ 50ರಿಂದ 100 ಕೂದಲು ಉದುರುವುದು ಎಲ್ಲರಿಗೂ ಇದ್ದದ್ದೇ.

ನನ್ನ ಇಬ್ಬರದ್ದೂ ಎರಡು ಜಾತಿಯ ಕೂದಲು. ದೊಡ್ಡವಳದ್ದು ಗುಂಗುರು, ನನ್ನ ಅಮ್ಮನ ಹಾಗೆ. ಒಣಗಿದಾಗ ಬಾಚಿದರೆ ಹತ್ತಿ ಬಿರಿದ ಹಾಗೆ ಉಬ್ಬುತ್ತದೆ. ಅದನ್ನು ಸ್ವಲ್ಪ ಒದ್ದೆ ಮಾಡಿ, ಎಣ್ಣೆಯ ಕೈ ಸವರಿ, ಅಗಲ ಹಲ್ಲಿನ ಹಣಿಗೆಯಲ್ಲಿ ಬಾಚಬೇಕು. ಸಣ್ಣವಳದ್ದು ನೆಟ್ಟಗೆ, ನುಣುಪು. ಬಾಚುವುದು ಸುಲಭ, ನಿಲ್ಲಿಸುವುದು ಕಷ್ಟ. ಎಂಥ ಬ್ಯಾಂಡ್ ಹಾಕಿದರೂ ಮಧ್ಯಾಹ್ನಕ್ಕೆ ಜಾರಿ ಕುತ್ತಿಗೆಗೆ ಬಂದಿರುತ್ತದೆ. ಅವಳಿಗೆ ಕೂದಲು ತೊಳೆದ ಮರುದಿನ ಜಡೆ ಚೆನ್ನಾಗಿ ನಿಲ್ಲುತ್ತದೆ ಎಂದು ಕಂಡುಕೊಂಡದ್ದು ಒಂದು ವರ್ಷ ಕಳೆದ ಮೇಲೆ. ಬದಿಯಡ್ಕದ ಫ್ಯಾನ್ಸಿ ಅಂಗಡಿಯಲ್ಲಿ ಪೊಟ್ಟಣದಲ್ಲಿ ಸಿಗುವ ತೆಳು ರಬ್ಬರು ಅಗ್ಗ, ಆದರೆ ಕೂದಲನ್ನು ಕಿತ್ತುಕೊಂಡೇ ಬರುತ್ತದೆ. ಬಟ್ಟೆ ಸುತ್ತಿದ್ದನ್ನೇ ತೆಗೆದುಕೋ. ತೆಳು ರಬ್ಬರು ಹಾಕಿದ್ದೇ ಆದರೆ ಸಂಜೆ ಎಳೆಯಬೇಡ, ಕತ್ತರಿಯ ತುದಿಯಲ್ಲಿ ಕತ್ತರಿಸಿ ಬಿಡು.

ಮಳೆಗಾಲದ ಕಥೆ ಬೇರೆಯೇ. ನಮ್ಮ ಜೂನ್, ಜುಲೈ ನಿನಗೆ ಗೊತ್ತು, ಬಟ್ಟೆಯೇ ಒಣಗುವುದಿಲ್ಲ, ಇನ್ನು ಕೂದಲು! ಬೆಳಗ್ಗೆ ಮೀಯಿಸಿ, ಹಸಿ ಕೂದಲಿಗೇ ಎರಡು ಜಡೆ ಹಾಕಿ, ಮಡಚಿ ರಿಬ್ಬನ್ ಕಟ್ಟಿ ಕಳಿಸುತ್ತಿದ್ದೆ. ಸಂಜೆ ಬಿಚ್ಚಿದರೆ ಒಳಗೆ ಹಾಗೆಯೇ ಹಸಿ, ಮುಗ್ಗಲು ವಾಸನೆ. ಒದ್ದೆ ಕೂದಲಿಗೆ ಬಲ ಕಡಿಮೆ, ಎಳೆದರೆ ರಬ್ಬರಿನ ಹಾಗೆ ಹಿಗ್ಗಿ ತುಂಡಾಗುತ್ತದೆ. ಇದು ನನ್ನ ಮನೆಯ ಗೋಳು ಮಾತ್ರ ಅಲ್ಲ. 2016ರಲ್ಲಿ ನಮ್ಮ ಜಿಲ್ಲೆಯದ್ದೇ ಒಬ್ಬಳು ವಿದ್ಯಾರ್ಥಿನಿ ದೂರು ಕೊಟ್ಟ ಮೇಲೆ ಕೇರಳದ ಮಕ್ಕಳ ಹಕ್ಕುಗಳ ಆಯೋಗ, ಹೆಣ್ಣುಮಕ್ಕಳು ಕೂದಲನ್ನು ಎರಡು ಜಡೆ ಮಾಡಿಯೇ ಬರಬೇಕೆಂದು ಶಾಲೆಗಳು ಒತ್ತಾಯ ಮಾಡಬಾರದು ಎಂದು ಹೇಳಿತು. ಓರಣವಾಗಿ ಕಟ್ಟಿದ್ದರೆ ಸಾಕು. ಬೆಳಗಿನ ಗಡಿಬಿಡಿಯಲ್ಲಿ ಒಣಗದ ಕೂದಲನ್ನು ಹೆಣೆಯುವ ಕಷ್ಟ ಆ ಹುಡುಗಿಗೆ ಗೊತ್ತಿತ್ತು. ನನಗೆ ಆಗ ಗೊತ್ತಿರಲಿಲ್ಲ, ಪೇಪರಿನಲ್ಲಿ ಓದಿ ಇದಕ್ಕೂ ಒಂದು ಆಯೋಗವಾ ಎಂದು ನಕ್ಕಿದ್ದೆ. ಈಗ ನಗು ಬರುವುದಿಲ್ಲ.

ಉಪಾಯ ಹೇಳಿಕೊಟ್ಟವರು ಪಕ್ಕದ ಮನೆಯ ಚೇಚಿ, ಅಂದರೆ ಮಲಯಾಳಿ ಅಕ್ಕ. ಮಲಯಾಳಿಗಳಲ್ಲಿ ಕುಳಿಪ್ಪಿನ್ನಲ್ ಎಂದು ಒಂದುಂಟು. ಕುಳಿ ಅಂದರೆ ಸ್ನಾನ, ಪಿನ್ನಲ್ ಅಂದರೆ ಹೆಣಿಗೆ. ಎರಡು ಕಿವಿಯ ಮೇಲಿನಿಂದ ಒಂದೊಂದು ಸಪೂರ ಎಳೆ ತೆಗೆದು, ಹಿಂದೆ ತಂದು ಸಡಿಲವಾಗಿ ಹೆಣೆದು ಬಿಡುವುದು. ಉಳಿದ ಕೂದಲೆಲ್ಲ ಬಿಡಿಯಾಗಿ ಬೆನ್ನಿನ ಮೇಲೆ. ಮುಖಕ್ಕೆ ಬೀಳುವುದಿಲ್ಲ, ಗಾಳಿಯೂ ಆಡುತ್ತದೆ. ಚೇಚಿ ನನ್ನ ಎದುರು ಸಣ್ಣವಳನ್ನು ಕೂರಿಸಿ ಎರಡು ನಿಮಿಷದಲ್ಲಿ ಮಾಡಿ ತೋರಿಸಿ, ನೆತ್ತಿಗೆ ಒಂದು ಚಿಟಿಕೆ ರಾಸ್ನಾದಿ ಪುಡಿ ತಿಕ್ಕಿ ಕಳಿಸಿದರು. ಶೀತ ಆಗುವುದಿಲ್ಲ ಎಂದು ಅವರ ನಂಬಿಕೆ. ಆಗುತ್ತದೋ ಇಲ್ಲವೋ, ಆ ಪರಿಮಳ ನನಗೆ ಇಷ್ಟ. ಈಗ ತಲೆಗೆ ಸ್ನಾನ ಏನಿದ್ದರೂ ಸಂಜೆಗೆ. ವಾರಕ್ಕೆ ಎರಡು ಸಲ. ರಾತ್ರಿ ಮಲಗುವವರೆಗೆ ಕುಳಿಪ್ಪಿನ್ನಲ್, ಬೆಳಗ್ಗೆ ಒಣಗಿದ ಕೂದಲಿಗೆ ಜಡೆ.

ಸುಮ್ನೆ ಒಂದು ಮಾತು. ಚೇಚಿ 'ಮುಡಿ' ಅಂದರೆ ಕೂದಲು. ನಾವು ಮುಡಿ ಅಂದರೆ ಹೂವನ್ನು ಮುಡಿಯುವುದು. ಅಮ್ಮನಿಗೆ ಮುಡಿ ಅಂದರೆ ಬೈಹುಲ್ಲಿನಲ್ಲಿ ಕಟ್ಟಿದ ಅಕ್ಕಿ. ನಮ್ಮ ಕಡೆಯ ದೈವದ ಕುಣಿತ ತೆಯ್ಯಂ ನೋಡಿ ಬಂದ ಸಣ್ಣವಳಿಗೆ ಮುಡಿ ಅಂದರೆ ತೆಯ್ಯದ ತಲೆಯ ಮೇಲಿನ ಆ ಎತ್ತರದ ಕಟ್ಟು. ನಮ್ಮ ಜಗಲಿಯಲ್ಲಿ ಈ ನಾಲ್ಕು ಮುಡಿಯ ಮಾತು ಒಟ್ಟಿಗೇ ನಡೆದು ಯಾರಿಗೂ ಏನೂ ಅರ್ಥವಾಗದ ದಿನಗಳೂ ಉಂಟು.

ಎಣ್ಣೆಯ ಬಗ್ಗೆ ಕೇಳಿದ್ದೆಯಲ್ಲ. 1916ರಲ್ಲೇ ತೆಂಗಿನ ಸಂಶೋಧನಾ ಕೇಂದ್ರ ಶುರುವಾದ ಊರಿನವನಿಗೆ ಬೇರೆ ಎಣ್ಣೆಯ ಮಾತು ಬಾರದು. ಅಮ್ಮ ದಾಸವಾಳ ಹೂ, ಕರಿಬೇವು, ಗರುಗದ ಸೊಪ್ಪು, ಒಂದು ಚಮಚ ಮೆಂತೆ ಹಾಕಿ ಕಾಯಿಸುತ್ತಾರೆ. ಸೊಪ್ಪಿನ ಚುರುಚುರು ಸದ್ದು ನಿಂತರೆ ನೀರಿನ ಅಂಶ ಹೋಯಿತು ಎಂದು ಲೆಕ್ಕ, ಒಲೆಯಿಂದ ಇಳಿಸುತ್ತಾರೆ. ಎಣ್ಣೆ ಹಾಕಿದರೆ ಮೊಣಕಾಲಿನವರೆಗೆ ಬೆಳೆಯುತ್ತದೆ ಎನ್ನುವುದನ್ನೆಲ್ಲ ನಂಬಬೇಡ. ಕೂದಲು ತಿಂಗಳಿಗೆ ಒಂದು ಸೆಂಟಿಮೀಟರ್ ಚಿಲ್ಲರೆ ಬೆಳೆಯುತ್ತದೆ, ಯಾವ ಎಣ್ಣೆ ಹಾಕಿದರೂ ಅಷ್ಟೇ. ಆದರೆ ತೆಂಗಿನೆಣ್ಣೆ ಕೂದಲಿನ ಒಳಗೂ ಸ್ವಲ್ಪ ಇಳಿಯುತ್ತದೆ, ತೊಳೆಯುವಾಗ ಹಾಳಾಗುವುದು ಕಡಿಮೆ. ಸ್ನಾನಕ್ಕೆ ಒಂದು ಗಂಟೆ ಮೊದಲು ಹಚ್ಚು, ಸಾಕು. ಶಾಲೆಗೆ ಹೋಗುವಾಗ ಹಣೆಗೆ ಇಳಿಯುವಷ್ಟು ಹಚ್ಚಬೇಡ. ನಮಗೆ ಹಚ್ಚಿ ಕಳಿಸುತ್ತಿದ್ದರಲ್ಲ, ನೋಟ್ಸಿನ ಪುಟವೆಲ್ಲ ಆಚೆ ಬದಿ ಕಾಣುತ್ತಿತ್ತು.

ಈಗ ಆ ಬಿಗಿಯ ವಿಷಯ. ಕಳೆದ ವರ್ಷ ಸಣ್ಣವಳಿಗೆ ಡ್ಯಾನ್ಸು ಇತ್ತು. ಜಡೆಗೆ ಚೌರಿ ಸೇರಿಸಿ, ಮೇಲೆ ಅಬ್ಬಲಿಗೆ ಹೂ ಸುತ್ತಬೇಕು. ನನ್ನ ತಲೆಯಲ್ಲಿ ನಿನ್ನ ಚೌಕಿಯ ಪಾಠ. ವೇದಿಕೆಯಲ್ಲಿ ಬಿಚ್ಚಬಾರದು ಎಂದು ಎಳೆದೆ, ಇನ್ನೂ ಎಳೆದೆ. ಅವಳು ಏನೂ ಹೇಳಲಿಲ್ಲ, ಚಂದ ಕಾಣಬೇಕು ಎನ್ನುವ ಆಸೆ. ರಾತ್ರಿ ಬಿಚ್ಚುವಾಗ ನೋಡುತ್ತೇನೆ, ಹಣೆಯ ಅಂಚಿನಲ್ಲಿ, ಕಿವಿಯ ಮೇಲೆ ಸಾಲಾಗಿ ಕೆಂಪು ಗುಳ್ಳೆ. ಮುಟ್ಟಿದರೆ ನೋವು. "ತಲೆ ನೋಯ್ತಿತ್ತಾ?" ಎಂದೆ. "ಮಧ್ಯಾಹ್ನದಿಂದ" ಅಂದಳು. ಡಾಕ್ಟರು ಬೈಯಲಿಲ್ಲ, ಆದರೆ ಹೇಳಿದರು: ದಿನವೂ ಹೀಗೆ ಬಿಗಿ ಕಟ್ಟಿದರೆ ಅಂಚಿನ ಕೂದಲು ಹೋಗುತ್ತದೆ, ವರ್ಷಗಟ್ಟಲೆ ಮಾಡಿದರೆ ಮತ್ತೆ ಬರದೆಯೂ ಇರಬಹುದು. ಒಂದು ವಾರ ಅವಳ ಕೂದಲನ್ನು ಬಿಟ್ಟೇ ಇಟ್ಟಿದ್ದೆ. ನನ್ನ ಮನಸ್ಸಿಗೆ ಮಾತ್ರ ಅದು ಒಂದು ವಾರದಲ್ಲಿ ಹೋಗಲಿಲ್ಲ.

ಈಗ ಪರೀಕ್ಷೆ ಸುಲಭ. ಜಡೆ ಹಾಕಿದ ಮೇಲೆ ಹುಬ್ಬು ಎತ್ತಲು ಹೇಳು. ಹಣೆಯ ಚರ್ಮ ಸಲೀಸಾಗಿ ಸುಕ್ಕಾದರೆ ಸರಿ. ಎಳೆದ ಹಾಗೆ ಆಗುತ್ತದೆ ಅಂದರೆ ಬಿಚ್ಚಿ ಮತ್ತೆ ಹಾಕು, ಬಸ್ಸು ತಪ್ಪಿದರೂ ಪರವಾಗಿಲ್ಲ. ದಿನಾ ಒಂದೇ ಜಾಗದಲ್ಲಿ ಬೈತಲೆ ತೆಗೆಯಬೇಡ. ರಾತ್ರಿ ಮಲಗುವಾಗ ಬ್ಯಾಂಡು, ಕ್ಲಿಪ್ಪು ಎಲ್ಲ ತೆಗೆದು ಒಂದೇ ಸಡಿಲ ಜಡೆ.

ಹೇನು ಬರುತ್ತದೆ. ಬಂದೇ ಬರುತ್ತದೆ. ಕೊಳಕಿಗೆ ಬರುವುದಲ್ಲ, ಮಂಡೆಗೆ ಮಂಡೆ ತಾಗಿದರೆ ಬರುವುದು. ಹಾರುವುದೂ ಇಲ್ಲ, ಕುಪ್ಪಳಿಸುವುದೂ ಇಲ್ಲ, ಹರಿದೇ ಹೋಗುತ್ತದೆ. ಕೂದಲು ಒದ್ದೆ ಮಾಡಿ ಸಣ್ಣ ಹಲ್ಲಿನ ಹಣಿಗೆಯಲ್ಲಿ ಬಿಳಿ ಬಟ್ಟೆಯ ಮೇಲೆ ಬಾಚು. ಮದ್ದು ಬೇಕಾದರೆ ಡಾಕ್ಟರನ್ನು ಕೇಳಿ ಹಾಕು. ಒಂದು ಸಲ ಹಾಕಿ ಮುಗಿಯಿತು ಎಂದು ಕೂರಬೇಡ. ಸೀರು ಒಡೆಯಲು ಒಂದು ವಾರ, ಹತ್ತು ದಿನ ಬೇಕು, ಹಾಗಾಗಿ ಎರಡನೇ ಸುತ್ತು ಇದ್ದೇ ಇದೆ. ಹೇನು ಬಂತು ಎಂದು ಮಗಳ ಎದುರು ಮುಖ ಮುರಿಯಬೇಡ, ಅಷ್ಟೇ. ನನ್ನ ಅಮ್ಮ ಅಂಗಳದಲ್ಲಿ ಮೊಮ್ಮಗಳ ತಲೆ ಹಿಡಿದು ಹೆಬ್ಬೆರಳ ಉಗುರಿನಲ್ಲಿ ಟಪ್ ಟಪ್ ಎಂದು ಕುಟ್ಟುತ್ತಾ ಊರಿನ ಸುದ್ದಿಯೆಲ್ಲ ಹೇಳುತ್ತಿದ್ದರು. ಮುಗಿದಾಗ ದೊಡ್ಡವಳಿಗೆ ಬೇಸರ.

ಕತ್ತರಿಯ ವಿಷಯ ಬಿಟ್ಟೇ ಹೋಯಿತು. ನಮ್ಮ ದೊಡ್ಡವಳು ಈ ಏಪ್ರಿಲ್ ರಜೆಯಲ್ಲಿ ಕೂದಲು ಕತ್ತರಿಸಿಕೊಂಡಳು. ಭುಜದಿಂದಲೂ ಮೇಲೆ. ಅಮ್ಮನಿಗೆ ಕಣ್ಣಲ್ಲಿ ನೀರು, ಹೆಂಡತಿಗೆ ನಗು. ನನಗೆ ಸತ್ಯ ಹೇಳಬೇಕೆಂದರೆ ಹೊಟ್ಟೆ ಉರಿಯಿತು, ಅಷ್ಟು ಕಷ್ಟಪಟ್ಟು ಕಲಿತದ್ದು! ಆದರೆ ಕೇಳಿದವಳು ಅವಳು. ಹತ್ತು ದಿನ ಯೋಚಿಸು ಎಂದೆ, ಹನ್ನೊಂದನೇ ದಿನ ಬೆಳಗ್ಗೆ ಚಪ್ಪಲಿ ಹಾಕಿ ಸಿಟೌಟಿನಲ್ಲಿ ನಿಂತಿದ್ದಳು. ನಿನ್ನ ಮಗಳೂ ಹಾಗೆ ಕೇಳಿದರೆ ಕತ್ತರಿಸು, ನಾನು ಬೇಡ ಅನ್ನುವುದಿಲ್ಲ. ನಿನ್ನ ಮೆಸೇಜಿನಲ್ಲಿ ಬಸ್ಸಿನ ಟೈಮು ಇತ್ತು, ಹೆಂಡತಿಯ ವರ್ಗ ಇತ್ತು, ನಿನ್ನ ಕೈ ಇತ್ತು. ಅವಳು ಏನು ಹೇಳಿದಳು ಎಂದು ಎಲ್ಲೂ ಇರಲಿಲ್ಲ. ಅಮ್ಮ ದೂರ ಹೋದ ತಿಂಗಳಲ್ಲೇ ಅಮ್ಮ ಬಾಚುತ್ತಿದ್ದ ಕೂದಲೂ ಹೋಗಬೇಕಾ? ಎರಡನೇ ಕ್ಲಾಸಿನ ಮಗು ಅದನ್ನು ಬಾಯಿಬಿಟ್ಟು ಹೇಳಲಿಕ್ಕಿಲ್ಲ.

ಒಂದು ತಿಂಗಳು ನೋಡು. ಮೊದಲ ವಾರ ಬರೀ ಜುಟ್ಟು ಕಟ್ಟು, ಯಾರೂ ಏನೂ ಅನ್ನುವುದಿಲ್ಲ. ಎರಡನೇ ವಾರ ಒಂದು ಜಡೆ. ಎರಡು ಜಡೆಗೆ ಅವಸರ ಬೇಡ, ಬೈತಲೆ ನೆಟ್ಟಗೆ ಬರಲು ನನಗೆ ಆರು ತಿಂಗಳು ಬೇಕಾಯಿತು. ಹಣಿಗೆಯ ತುದಿಯನ್ನು ಮೂಗಿನ ನೇರಕ್ಕೆ ಇಟ್ಟು ಹಿಂದಕ್ಕೆ ಎಳೆ, ನೆತ್ತಿ ದಾಟಿದ ಮೇಲೆ ಕತ್ತಿನ ನಡುವಿನ ಕುಳಿಯನ್ನು ಗುರಿ ಮಾಡು.

ದಸರಾ ರಜೆಯಲ್ಲಿ ಬರುತ್ತೀಯಲ್ಲ? ಮಗಳನ್ನು ಕರೆದುಕೊಂಡು ಬಾ. ಅಬ್ಬಲಿಗೆ ನಾಲ್ಕು ಗಿಡ ನೆಟ್ಟಿದ್ದೇನೆ, ಅಷ್ಟೊತ್ತಿಗೆ ಹೂ ಬಿಟ್ಟಿರುತ್ತದೆ. ಚೇಚಿ ಕುಳಿಪ್ಪಿನ್ನಲ್ ತೋರಿಸಿಕೊಡುತ್ತಾರೆ.

ಇಲ್ಲಿ ಸಣ್ಣವಳು ಆಗಿನಿಂದ ಕನ್ನಡಿ ಹಿಡಿದು ನಿಂತಿದ್ದಾಳೆ. ಇವತ್ತಿನ ಬೈತಲೆ ಸೊಟ್ಟ ಅಂತೆ, "ಯಾರಿಗೆ ಬರೀತಿದ್ದೀ, ಮೊದಲು ಇದು ಸರಿ ಮಾಡು" ಅನ್ನುತ್ತಿದ್ದಾಳೆ. ಏಳುತ್ತೇನೆ.

ನಿನ್ನ
ಶೂರ್ಪನಖಿ