ಗಣಿತದ ಆಯ್ಕೆಗೆ ಸಲಹೆ ಬೇಕು

ಮಾನ್ಯ ಸಂಪಾದಕರೇ,

ನಮ್ಮ ಪಕ್ಕದ ಮನೆಯ ಹುಡುಗಿ ಎಸ್ಸೆಸ್ಸೆಲ್ಸಿವರೆಗೆ ಓದಿದ್ದು ಕನ್ನಡ ಮಾಧ್ಯಮದಲ್ಲಿ. ಆಸೆ ಸಿ.ಎ. ಆಗುವುದು. ಅಂಕ ಚೆನ್ನಾಗಿದೆಯೆಂದು ಪಿಯು ಅರ್ಜಿಯಲ್ಲಿ ವಿಜ್ಞಾನದ ಪಿಸಿಎಂಬಿ (ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ, ಜೀವಶಾಸ್ತ್ರ) ಬರೆಸಿದರು. ಈಗ ಅವಳ ಗಣಿತದ ನೋಟ್‌ಬುಕ್ ತೆರೆದರೆ ‘ಡೊಮೇನ್’, ‘ರೇಂಜ್’ ಪದಗಳ ಮೇಲೆ ಪೆನ್ಸಿಲ್ಲಿನಲ್ಲಿ ಕನ್ನಡದ ಅರ್ಥ. ಕೆಳಗೆ ಅರ್ಧಕ್ಕೇ ನಿಂತ ಲೆಕ್ಕ. ಸಿ.ಎ.ಗೆ ಹೊಂದುವ ವಾಣಿಜ್ಯ ವಿಭಾಗದಲ್ಲಿ ಬೇಸಿಕ್ ಮ್ಯಾಥ್ಸ್ ಎಂಬ ವಿಷಯ ಇದೆಯೆಂದು ಆ ದಿನ ಯಾರೂ ಹೇಳಲಿಲ್ಲ. ಹೆದರಿ ಗಣಿತವನ್ನೇ ಬಿಡುವವರದು ಇನ್ನೊಂದು ಕಷ್ಟ: ಸಿಇಟಿಯಲ್ಲಿ ಎಂಜಿನಿಯರಿಂಗ್ ಸೀಟಿಗೆ ಗಣಿತ ಬರೆಯಲೇಬೇಕು.

ಜಿಲ್ಲೆಯ ಕಾಲೇಜುಗಳು ಪ್ರವೇಶದ ದಿನಗಳಲ್ಲಿ ಅರ್ಜಿ ಪಡೆಯುವಲ್ಲಿ ಗಣಿತ ಉಪನ್ಯಾಸಕರೊಬ್ಬರನ್ನು ಕೂರಿಸಲಿ. ಅವರು ಹತ್ತನೆಯ ತರಗತಿಯ ನಾಲ್ಕು ಲೆಕ್ಕ ಮಾಡಿಸಿ ನೋಡಲಿ, ಮುಂದೇನು ಓದುವ ಮನಸ್ಸಿದೆ ಎಂದು ಮಗುವನ್ನೇ ಕೇಳಲಿ.

– ಒಬ್ಬ ಪಾಲಕ, ಶಿರಸಿ